ಐದು ಅಂಗಿ, 25 ಕಿಲೋ: ಒಂದು ದಾಂಪತ್ಯದ ಪ್ರಕರಣ

ಜಗಳ ಶುರುವಾಗಿದ್ದು ಅಂಗಿಯಿಂದ.

ಗಂಡನ ಐದು ಅಂಗಿ ಸಡಿಲಾಗಿದ್ದವು. ಹೆಂಡತಿ ಮನೆಯಲ್ಲೇ ಹೊಲಿಗೆ ಮಷೀನ್ ಇಟ್ಟುಕೊಂಡವರು. ಓಣಿಯ ಅರ್ಧ ಹೆಣ್ಣುಮಕ್ಕಳ ಬ್ಲೌಸು, ಖಣದ ಕುಪ್ಪಸ ಅವರ ಕೈಯಲ್ಲೇ ಆಗಬೇಕು. ಮದುವೆಯಾದ 20 ವರ್ಷದಲ್ಲಿ ಗಂಡನ ಅಂಗಿಗೆ ಗುಂಡಿ ಹಚ್ಚಲಿಕ್ಕೂ ಹೊರಗಿನವರಿಗೆ ಕೊಟ್ಟವರಲ್ಲ. ಹಿಂದಿನ ಒಂದು ವರ್ಷದಲ್ಲಿ ಅದೇ ಅಂಗಿಗಳನ್ನು ಎರಡು ಸಲ ಬಿಚ್ಚಿ, ಒಳಗೆ ಹಿಡಿದು, ಮತ್ತೆ ಹೊಲಿದು ಕೊಟ್ಟಿದ್ದರು. ಮೂರನೇ ಸಲ ತಂದಿಟ್ಟಾಗ, "ನನ್ ಕಡೆ ಆಗೂದಿಲ್ರಿ, ಹೊರಗ ಕೊಡ್ರಿ" ಅಂದುಬಿಟ್ಟರು. ಗಂಡ ಸಿಟ್ಟಿನಲ್ಲಿ ಐದೂ ಅಂಗಿ ಚೀಲಕ್ಕೆ ತುರುಕಿ ಹುಬ್ಬಳ್ಳಿಯ ದುರ್ಗದಬೈಲ್ ಕಡೆಯ ಒಬ್ಬ ಟೇಲರ್‌ಗೆ ಕೊಟ್ಟು ಬಂದರು. ಅವತ್ತು ರಾತ್ರಿ ಹೆಂಡತಿ ಉಣ್ಣಲಿಲ್ಲ.

ಎರಡು ತಿಂಗಳಾದ ಮೇಲೆ ನನ್ನ ಮುಂದೆ ಬಂದು ಕೂತಾಗಲೂ ಇಬ್ಬರ ಬಾಯಲ್ಲಿ ಅಂಗಿಯ ಮಾತೇ. ಆಗೋದಿಲ್ಲ ಅಂದವರಿಗೆ ಹೊರಗೆ ಕೊಟ್ಟಾಗ ನೋವು ಯಾಕಾಯ್ತು? ನನಗೆ ಮೊದಲು ತಲೆಗೆ ಹೋಗಿದ್ದು ಈ ಪ್ರಶ್ನೆ. ಉತ್ತರ ಸಿಗಲಿಕ್ಕೆ ನಾಲ್ಕು ಭೇಟಿ ಬೇಕಾಯಿತು.

ನಾನು ಧಾರವಾಡದಲ್ಲಿ ಆಪ್ತ ಸಮಾಲೋಚನೆ ಮಾಡುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಹುಬ್ಬಳ್ಳಿಯವರೇ ಜಾಸ್ತಿ. ಧಾರವಾಡದವರು ಹುಬ್ಬಳ್ಳಿಗೆ ಹೋಗುತ್ತಾರೆ ಅನ್ನಿ, ಪರಿಚಯದವರು ನೋಡಬಾರದಲ್ಲ. ಎರಡೂ ಊರಿನ ನಡುವೆ ಚಿಗರಿ ಬಸ್ಸು ಬಂದ ಮೇಲೆ ಇದು ಇನ್ನೂ ಸಲೀಸು. ಪೇಡೆ ತರಲಿಕ್ಕೆ ಧಾರವಾಡಕ್ಕೆ ಹೋಗಿದ್ದೆವು ಅಂತ ಮನೆಯಲ್ಲಿ ಹೇಳಿದರೆ ಮುಗೀತು. ಈ ದಂಪತಿಯೂ ಹಾಗೇ ಹೇಳಿ ಬರುತ್ತಿದ್ದರು. ಸಕ್ಕರೆ ಕಾಯಿಲೆಯವರ ಮನೆಗೆ ತಿಂಗಳಿಗೆ ಎರಡು ಸಲ ಪೇಡೆ ಯಾರಿಗೆ ಅಂತ ಅತ್ತೆಯವರು ಕೇಳಿದ್ದರಂತೆ.

ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಿಸಿದ್ದೇನೆ. ಹೆಸರೂ ಬೇಡ. ಅಂಗಡಿಯ ಹಮಾಲರು ಗಂಡನನ್ನು ಸಾವ್ಕಾರ್ರು ಅಂತಾರೆ. ಓಣಿಯವರು ಹೆಂಡತಿಯನ್ನು ಟೇಲರ್ ಅಕ್ಕ ಅಂತಾರೆ. ನಾನೂ ಸಾವ್ಕಾರರು, ಅಕ್ಕ ಅಂತಲೇ ಬರೆಯುತ್ತೇನೆ.

ಸಾವ್ಕಾರರ ಲೆಕ್ಕ

ಸಾವ್ಕಾರರಿಗೆ 46 ವರ್ಷ. ಅಮರಗೋಳದ ಎಪಿಎಂಸಿಯಲ್ಲಿ ದಲಾಲಿ ಅಂಗಡಿ. ಎತ್ತರ 5 ಅಡಿ 6 ಇಂಚು. ಮೊದಲಿದ್ದ ತೂಕ 96 ಕಿಲೋ, ನನ್ನ ಹತ್ತಿರ ಬಂದಾಗ 71. ನಡುವೆ ಹೋಗಿದ್ದು 14 ತಿಂಗಳು. ಈ ಅಂಕಿಗಳನ್ನೆಲ್ಲ ನಾನು ಕೇಳಲಿಲ್ಲ, ಕೂತ ಹತ್ತು ನಿಮಿಷದಲ್ಲಿ ಅವರೇ ಹೇಳಿದರು. ಜೇಬಿನಲ್ಲಿ ಸಣ್ಣ ಡೈರಿ. ದಿನಾ ಬೆಳಿಗ್ಗೆಯ ತೂಕ, ಉಪವಾಸದ ಸಕ್ಕರೆ, ನಡೆದ ಹೆಜ್ಜೆ, ಎಲ್ಲಾ ಬರೆದಿಟ್ಟಿದ್ದರು. ದಿನವಿಡೀ ಕಾಂಟಾದ ಮುಂದೆ ಕೂತು ಬೇರೆಯವರ ಚೀಲ ತೂಗುವ ಮನುಷ್ಯ, ಕೊನೆಗೆ ತನ್ನನ್ನೂ ತೂಗಲಿಕ್ಕೆ ಶುರುಮಾಡಿದ್ದರು.

ಎರಡು ವರ್ಷದ ಹಿಂದೆ ಸುಸ್ತು ಅಂತ ಡಾಕ್ಟರ್ ಹತ್ತಿರ ಹೋದಾಗ ಎಚ್‌ಬಿಎ1ಸಿ 10.2 ಬಂದಿತ್ತು. ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಪರೀಕ್ಷೆ ಇದು. 6.5 ಮುಟ್ಟಿದರೆ ಮಧುಮೇಹ. ಬೇರೆಯವರಿಗೆ ಇದು ಬರೀ ರಿಪೋರ್ಟ್ ಆಗಿರಬಹುದು. ಸಾವ್ಕಾರರಿಗೆ ಅದರಲ್ಲಿ ಅಣ್ಣ ಕಂಡರು. ಅಣ್ಣನಿಗೂ ಇದೇ ಕಾಯಿಲೆ. ಮೊದಲು ಕಾಲಿನ ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ವಾರಕ್ಕೆ ಮೂರು ಡಯಾಲಿಸಿಸ್. 52ಕ್ಕೆ ಹೋಗಿಬಿಟ್ಟರು.

"ಅಣ್ಣನ ಕಾಲ ಡ್ರೆಸ್ಸಿಂಗ್ ಮಾಡಸಾಕ ನಾನಽ ಕರ್ಕೊಂಡ್ ಹೋಗ್ತಿದ್ದೆ ಮೇಡಂ. ಆ ವಾಸನಿ ಇನ್ನೂ ಮೂಗನ್ಯಾಗ ಐತಿ."

ಡಾಕ್ಟರ್ ತೂಕ ಇಳಿಸಿ ಅಂದರು. ಇವರು ಇಳಿಸಿದರು, ಹೇಳಿದ್ದಕ್ಕಿಂತ ಜಾಸ್ತಿಯೇ. ಬೆಳಿಗ್ಗೆ 5ಕ್ಕೆ ಉಣಕಲ್ ಕೆರೆ, ರವಿವಾರ ನೃಪತುಂಗ ಬೆಟ್ಟ. ರೊಟ್ಟಿ ನಾಲ್ಕರಿಂದ ಒಂದಕ್ಕೆ ಇಳಿಯಿತು. ಚಹಾ ಬಂದ್. ಸಂಜೆ 7ರ ಮೇಲೆ ಬಾಯಿಗೆ ನೀರು ಬಿಟ್ಟರೆ ಏನೂ ಇಲ್ಲ. ಇದರಲ್ಲಿ ಹುಚ್ಚಾಟ ಏನಿಲ್ಲ. ಬ್ರಿಟನ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಡೈರೆಕ್ಟ್ ಅನ್ನೋ ಅಧ್ಯಯನದಲ್ಲಿ, 15 ಕಿಲೋ ಅಥವಾ ಅದಕ್ಕಿಂತ ಜಾಸ್ತಿ ಇಳಿಸಿದವರಲ್ಲಿ ನೂರಕ್ಕೆ 86 ಜನರ ಮಧುಮೇಹ ಒಂದು ವರ್ಷದಲ್ಲಿ ಮಾತ್ರೆ ಇಲ್ಲದೆಯೇ ಹಿಡಿತಕ್ಕೆ ಬಂದಿತ್ತು. ಅವರೆಲ್ಲ ಕಾಯಿಲೆ ಬಂದು ಆರು ವರ್ಷ ದಾಟದವರು. ಸಾವ್ಕಾರರ ಎಚ್‌ಬಿಎ1ಸಿ ಈಗ 5.9. ಮೂರು ಮಾತ್ರೆ ಇದ್ದದ್ದು ಒಂದಕ್ಕೆ ಬಂದಿದೆ. ಡಾಕ್ಟರ್ ಇವರ ಫೈಲನ್ನು ಬೇರೆ ರೋಗಿಗಳಿಗೆ ತೋರಿಸುತ್ತಾರಂತೆ.

ಅವರ ದೂರು ಇಷ್ಟೇ: "ಇಷ್ಟೆಲ್ಲಾ ಮಾಡೀನಿ. ಮಾರ್ಕೆಟ್ಟಿನ್ಯಾಗ ಎಲ್ಲಾರೂ ಹೊಗಳ್ತಾರ. ಇಕಿ ಮಾತ್ರ ನನ್ನ ಮಾರಿ ನೋಡೂದಽ ಬಿಟ್ಟಾಳ."

ಒಂಬತ್ತು ತಿಂಗಳಿಂದ ದೇಹ ಸಂಬಂಧ ಇರಲಿಲ್ಲ. ಮಗಳದ್ದು ಪಿಯುಸಿ ಎರಡನೇ ವರ್ಷ, ರಾತ್ರಿ ಓದುವಾಗ ಜೊತೆಗೆ ಯಾರಾದರೂ ಬೇಕು ಅಂತ ಅಕ್ಕ ಆ ಕೋಣೆಗೆ ಹಾಸಿಗೆ ಒಯ್ದಿದ್ದರು. ಪರೀಕ್ಷೆ ಮುಗಿದರೂ ಹಾಸಿಗೆ ವಾಪಸ್ ಬರಲಿಲ್ಲ.

ಆಮೇಲೆ ಸಾವ್ಕಾರರು ಇನ್ನೊಂದು ಮಾತು ಸೇರಿಸಿದರು. "ಇಕೀನೂ ಒಂದೆಂಟ್ ಕಿಲೋ ಇಳಿಸ್ಲಿ ಅಂದೆ. ತಪ್ಪೇನ್ರಿ?" ಅಕ್ಕ ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ನೋಡಿದರು.

ನಾನು ಎಡವಿದ್ದು

ದಂಪತಿ ಬಂದರೆ ಮೊದಲು ಒಟ್ಟಿಗೆ, ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡುತ್ತೇನೆ. ಅಕ್ಕನ ಜೊತೆ ಒಬ್ಬರೇ ಕೂತಾಗ ನನ್ನ ತಲೆಯಲ್ಲಿ ಒಂದು ಕಥೆ ಆಗಲೇ ಸಿದ್ಧವಾಗಿತ್ತು. ಗಂಡ ತೆಳ್ಳಗಾಗಿ ಚಂದ ಕಾಣುತ್ತಾರೆ, ಹೆಂಡತಿಗೆ ಭಯ, ಅಸೂಯೆ, ಕೀಳರಿಮೆ. ಇದು ಸುಮ್ನೆ ಹುಟ್ಟಿದ ಊಹೆಯೂ ಅಲ್ಲ. ಸ್ವೀಡನ್‌ನಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ವರ್ಷಗಟ್ಟಲೆ ಗಮನಿಸಿ 2018ರಲ್ಲಿ ಒಂದು ವರದಿ ಬಂತು. ಒಂಟಿಯಾಗಿದ್ದವರಿಗೆ ಹೊಸ ಸಂಗಾತಿ ಸಿಕ್ಕಿದ್ದು ಜಾಸ್ತಿ. ಮೊದಲೇ ಸಂಗಾತಿ ಇದ್ದವರಲ್ಲಿ ಬೇರೆಯಾದದ್ದೂ ಜಾಸ್ತಿ. ಒಬ್ಬರ ಮೈ ಬದಲಾದರೆ ಮನೆಯ ಲೆಕ್ಕವೇ ಬದಲಾಗುತ್ತದೆ ಅಂತ ನಾನು ಓದಿಕೊಂಡಿದ್ದೆ. ಓದಿದ್ದು ತಲೆಯಲ್ಲಿದ್ದರೆ ಎದುರಿಗಿದ್ದವರು ಕಾಣೋದಿಲ್ಲ.

"ಬೇರೆ ಯಾರಾದ್ರೂ ಅವರನ್ನ ನೋಡ್ತಾರೆ ಅಂತ ಹೆದರಿಕೆ ಇದೆಯಾ?" ಅಂತ ಕೇಳಿದೆ.

ಅಕ್ಕ ನಕ್ಕೇಬಿಟ್ಟರು. "ಅದಽ ಆಗಿದ್ರ ಛಲೋ ಇತ್ತಲ್ರಿ ಮೇಡಂ. ಯಾರರ ನೋಡ್ಲಿ. ನೋಡಿ ಛಂದ ಅದಾರ ಅಂತ ನಂಗ ಹೇಳ್ಲಿ. ನನ್ನ ಕಣ್ಣಿಗೆ ಕಾಣವಲ್ದಲ್ಲ."

ಅವರ ಮಾತನ್ನೇ ಇಡುತ್ತೇನೆ. "ಮದಿವಿ ಆದಾಗ ದಪ್ಪಽ ಇದ್ರು. ನಂಗ ಅದಽ ಸೇರತಿತ್ತು. ತುಂಬಿದ ಗಲ್ಲ, ದೊಡ್ಡ ಮೀಸಿ. ಬಾಗಲದಾಗ ನಿಂತ್ರ ಬಾಗಲಾ ತುಂಬತಿತ್ತು. ಈಗ ಅಂಗಳದಾಗ ಬಂದ್ರ ಯಾರೋ ಬಂದ್ರು ಅನಸ್ತೈತಿ. ದನಿ ಕೇಳಿದ ಮ್ಯಾಲೆ ಗೊತ್ತಾಗ್ತೈತಿ."

ಅದಕ್ಕಿಂತ ಹೆಚ್ಚಿಗೆ ಅವತ್ತು ಹೇಳಲಿಲ್ಲ. ಹೋಗುವಾಗ ಬಾಗಿಲ ಹತ್ತಿರ ನಿಂತು, "ಇದನ್ನ ಯಾರ ಮುಂದ ಹೇಳ್ಲಿ? ಗಂಡ ಆರಾಮಾದ, ನಂಗ ಸೇರವಲ್ದು ಅಂದ್ರ ನನ್ನಽ ಬೈತಾರ" ಅಂದರು.

ಈ ನಾಚಿಕೆಯ ಬಗ್ಗೆ ಸ್ವಲ್ಪ ನಿಲ್ಲಬೇಕು. ಗಂಡ ದಪ್ಪಗಾದ, ಹೆಂಡತಿ ದಪ್ಪಗಾದಳು ಅನ್ನುವ ದೂರಿಗೆ ನಮ್ಮಲ್ಲಿ ಜಾಗ ಇದೆ. ನಗೆಹನಿ ಇದೆ, ಬೈಗುಳ ಇದೆ, ಅತ್ತೆಯ ಕೊಂಕು ಇದೆ. ಗಂಡ ಒಳ್ಳೆಯದಕ್ಕೇ ಬದಲಾದ, ಆದರೆ ನನಗೆ ಹಳೆಯವನೇ ಬೇಕು ಅನ್ನುವ ದೂರಿಗೆ ಜಾಗವೇ ಇಲ್ಲ. ಹಾಗಾಗಿ ಅದು ಅಂಗಿಯ ಮೇಲೆ ಹೋಗಿ ಕೂತಿತ್ತು.

ಇನ್ನೊಂದು ಮಾತನ್ನೂ ನೇರ ಹೇಳಿಬಿಡುತ್ತೇನೆ. ರೂಪ ಮುಖ್ಯ ಅಲ್ಲ, ಮನಸ್ಸು ಮುಖ್ಯ ಅಂತ ಸಮಾಲೋಚಕರು ಹೇಳುವುದುಂಟು. ನಾನೂ ಹೇಳುತ್ತಿದ್ದೆ, ಈಗ ಬಿಟ್ಟಿದ್ದೇನೆ. 20 ವರ್ಷ ಒಂದು ಮುಖವನ್ನು ದಿನಾ ನೋಡಿದವರಿಗೆ ಆ ಮುಖದ ಮೇಲೆಯೇ ಪ್ರೀತಿ ಕೂತಿರುತ್ತದೆ. ಮತ್ತೆ ಮತ್ತೆ ಕಂಡದ್ದು ಇಷ್ಟವಾಗುತ್ತಾ ಹೋಗುತ್ತದೆ ಅಂತ ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯನ್ಸ್ 1968ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ನಮ್ಮ ಅಜ್ಜಿಯಂದಿರಿಗೆ ಇದು ಅದಕ್ಕೂ ಮೊದಲೇ ಗೊತ್ತಿತ್ತು: ನೋಡ್ತಾ ನೋಡ್ತಾ ಒಗ್ಗುತ್ತಾರೆ ಬಿಡು ಅಂತ ಹೇಳಿಯೇ ಎಷ್ಟೋ ಮದುವೆ ಮಾಡಿದರು. ಹಾಗೆ ಒಗ್ಗಿದ ಮುಖವೇ 14 ತಿಂಗಳಲ್ಲಿ ಬೇರೆಯಾದರೆ ಒಗ್ಗುವ ಕೆಲಸ ಮತ್ತೆ ಮೊದಲಿನಿಂದ. ಅದಕ್ಕೆ ಆಕೆಯನ್ನು ಬೈಯೋದು ಸರಿಯಲ್ಲ.

ಮೈಯ ಲೆಕ್ಕ ಮೊದಲು

ಮನಸ್ಸಿನ ಮಾತಿಗೆ ಮುಂಚೆ ನಾನು ಮೈಯ ಬಗ್ಗೆ ಕೇಳುತ್ತೇನೆ. ಅಕ್ಕನಿಗೆ 41. ಮುಟ್ಟು ಹಿಂದೆ ಮುಂದೆ ಆಗುತ್ತಿತ್ತು, ಹೋಗುವುದೂ ಜಾಸ್ತಿ. ಮಧ್ಯಾಹ್ನದ ಹೊತ್ತಿಗೆ ಮಷೀನ್ ತುಳಿಯಲಿಕ್ಕೆ ಕಾಲು ಬಾರದು. ಸ್ತ್ರೀರೋಗ ತಜ್ಞರ ಹತ್ತಿರ ಕಳಿಸಿದೆ. ಥೈರಾಯ್ಡ್ ಸರಿ ಇತ್ತು. ಹಿಮೋಗ್ಲೋಬಿನ್ 9.4. ಗರ್ಭಿಣಿಯಲ್ಲದ ಹೆಂಗಸರಿಗೆ 12ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ಇದು ಇದೆ. ಇಷ್ಟು ಸುಸ್ತಿನಲ್ಲಿ ಯಾರಿಗೆ ಯಾವ ಆಸೆ ಹುಟ್ಟೀತು, ಹೇಳಿ? ಕಬ್ಬಿಣದ ಮಾತ್ರೆ ಶುರುವಾಯಿತು. ಮಾತ್ರೆ ನುಂಗಿದ ತಕ್ಷಣ ಚಹಾ ಕುಡಿಯಬೇಡಿ, ಕಬ್ಬಿಣ ಮೈಗೆ ಹತ್ತೋದಿಲ್ಲ ಅಂತ ಡಾಕ್ಟರ್ ಹೇಳಿದ್ದನ್ನು ಪಾಲಿಸುವುದೇ ಅಕ್ಕನಿಗೆ ಕಷ್ಟವಾಯಿತು. ಹುಬ್ಬಳ್ಳಿಯಲ್ಲಿ ಚಹಾ ಇಲ್ಲದೆ ಒಂದು ತಾಸು ಅಂದರೆ ಸಣ್ಣ ಮಾತಲ್ಲ.

ಸಾವ್ಕಾರರ ಮೈಯ ಲೆಕ್ಕ ಇನ್ನೂ ತಡವಾಗಿ ಹೊರಬಂತು. ಡೈರಿಯಲ್ಲಿ ಎಲ್ಲಾ ಇತ್ತು, ಒಂದನ್ನು ಬಿಟ್ಟು. ಮೂರನೇ ಭೇಟಿಯಲ್ಲಿ ಅವರೊಬ್ಬರೇ ಇದ್ದಾಗ, "ಸಕ್ಕರೆ ಕಾಯಿಲೆ ಇರೋ ಗಂಡಸರಿಗೆ ಸಂಭೋಗದ ಹೊತ್ತಿಗೆ ಗಡಸುತನದ ತೊಂದರೆ ಬಹಳ ಸಾಮಾನ್ಯ. ನಿಮಗೆ ಹೇಗಿತ್ತು?" ಅಂತ ಹವಾಮಾನ ಕೇಳಿದ ಹಾಗೆ ಕೇಳಿದೆ. ಹೀಗೆ ಕೇಳಿದರೇ ಬಾಯಿ ಬಿಡುತ್ತಾರೆ. ಅವರು ಸ್ವಲ್ಪ ಹೊತ್ತು ಡೈರಿಯ ದಾರ ಸುತ್ತುತ್ತಾ ಕೂತರು.

ತೊಂದರೆ ಶುರುವಾಗಿ ಮೂರು ವರ್ಷವಾಗಿತ್ತು. ಅಂದರೆ ಸಕ್ಕರೆ ಕಾಯಿಲೆ ಗೊತ್ತಾಗುವ ಮೊದಲೇ. ಎಷ್ಟೋ ಗಂಡಸರಲ್ಲಿ ಹೀಗೇ ಆಗುತ್ತದೆ. ರಕ್ತನಾಳ, ನರ ಕೆಡಲಿಕ್ಕೆ ಶುರುವಾದದ್ದು ಮೊದಲು ಅಲ್ಲಿ ಗೊತ್ತಾಗುತ್ತದೆ, ಕೆಲವೊಮ್ಮೆ ಹೃದಯದ ತೊಂದರೆಗೂ ಅದೇ ಮುನ್ಸೂಚನೆ. ಅವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ತನ್ನ ಡೊಳ್ಳು ಹೊಟ್ಟೆ ನೋಡಿ ಹೆಂಡತಿಗೆ ಅಸಹ್ಯ, ಅದಕ್ಕೇ ತನಗೆ ಹೀಗಾಗುತ್ತಿದೆ ಅಂತ ತೀರ್ಮಾನ ಮಾಡಿದ್ದರು. ಹೆಂಡತಿಗೆ ಹೇಳಲಿಲ್ಲ, ಅಂಗಡಿಯಿಂದ ತಡವಾಗಿ ಬರಲಿಕ್ಕೆ ಶುರುಮಾಡಿದರು. ಅಕ್ಕ ಅದನ್ನು ಬೇರೆ ಥರ ಓದಿದರು: ನನಗೆ ವಯಸ್ಸಾಯಿತು, ಇವರಿಗೆ ನಾನು ಬೇಡ.

ತೂಕ ಇಳಿಯಿತು, ಸಕ್ಕರೆ ಇಳಿಯಿತು, ತೊಂದರೆಯೂ ಬಹಳಷ್ಟು ಸರಿಹೋಯಿತು. ಸಾವ್ಕಾರರಿಗೆ ಹಬ್ಬವಾದಂತಾಯಿತು. ಹೆಂಡತಿಯ ಹತ್ತಿರ ಆಸೆಯಿಂದ ಬಂದರು. ಅಕ್ಕ ಕೈ ಸರಿಸಿದರು.

"25 ಕಿಲೋ ಯಾರ ಸಲುವಾಗಿ ಇಳಿಸೀನಿ ಅಂತ ತಿಳ್ಕೊಂಡೀರಿ ಮೇಡಂ?" ಅಂತ ಅವರು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಒಂದು ಲೋಟ ನೀರು ಕೊಟ್ಟೆ.

ಕೊರಳ ಕೆಳಗಿನ ಎಲುಬು

ನಾಲ್ಕನೇ ಭೇಟಿ. ಅಕ್ಕನ ಸುಸ್ತು ಸ್ವಲ್ಪ ಕಮ್ಮಿಯಾಗಿತ್ತು. ಅಂಗಿ ಯಾಕೆ ಹೊಲಿಯೋದಿಲ್ಲ ಅಂದಿರಿ ಅಂತ ಮತ್ತೆ ಕೇಳಿದೆ. ಈ ಸಲ ಯಾಕೆ ಅಂತ ಬಿಟ್ಟು, ಏನಾಯಿತು ಅಂತ ಕೇಳಿದೆ. ಎರಡನೇ ಸಲ ಅಳತೆ ತಗೊಂಡಾಗ ಏನೇನು ಮಾಡಿದಿರಿ, ಮೊದಲಿನಿಂದ ಹೇಳಿ.

ಆಕೆ ಹೇಳಿದರು. ಟೇಪ್ ಹಿಡಿದು ಮೊದಲು ಭುಜ ಅಳೆದರು. ಆಮೇಲೆ ಎದೆ. ಆಮೇಲೆ ಕೊರಳು. ಕೊರಳಿಗೆ ಟೇಪ್ ಸುತ್ತುವಾಗ ಬೆರಳು ಕೆಳಗಿನ ಎಲುಬಿಗೆ ತಾಗಿತು. ಆ ಎಲುಬಿನ ಹಿಂದೆ ಒಂದು ಕುಳಿ. ಮೊದಲು ಅಲ್ಲಿ ಮಾಂಸ ಇತ್ತು, ಎಲುಬು ಇದೆ ಅಂತಲೇ ಗೊತ್ತಿರಲಿಲ್ಲ. ಬೆರಳು ಆ ಕುಳಿಯಲ್ಲಿ ಇಳಿಯಿತು.

ಅಲ್ಲಿಗೆ ಮಾತು ನಿಂತಿತು. ಆಮೇಲೆ, "ನಮ್ಮ ಅಪ್ಪಗ ಹಿಂಗಽ ಆಗಿತ್ರಿ" ಅಂದರು.

ತಂದೆ ಕ್ಯಾನ್ಸರ್‌ನಿಂದ ತೀರಿಕೊಂಡು 15 ವರ್ಷವಾಗಿತ್ತು. ಕೊನೆಯ ನಾಲ್ಕು ತಿಂಗಳು ತವರಿನಲ್ಲಿ ಇದ್ದು ಮೈ ಒರೆಸಿದವರು ಈ ಮಗಳೇ. ದಿನಾ ಒದ್ದೆ ಬಟ್ಟೆಯಲ್ಲಿ ಕೊರಳು ಒರೆಸುವಾಗ ನೀರು ಆ ಕುಳಿಯಲ್ಲಿ ನಿಲ್ಲುತ್ತಿತ್ತಂತೆ. ಇದನ್ನು ಇಲ್ಲಿಯವರೆಗೆ ಗಂಡನಿಗೆ ಹೇಳಿರಲಿಲ್ಲ. ಗಂಡನ ಮೈಗೂ ಆ ನೆನಪಿಗೂ ನಂಟಿದೆ ಅಂತ ಆಕೆಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಹೇಳುತ್ತಾ ಹೇಳುತ್ತಾ ತನ್ನದೇ ಕೈ ಬೆರಳುಗಳನ್ನು ನೋಡಿಕೊಂಡರು.

ನಮ್ಮ ಕಡೆ ಸೊರಗೋದು ಅಂದರೆ ರೋಗ. ಯಾರಾದರೂ ತೆಳ್ಳಗಾದರೆ "ಯಾಕ್ರಿ ಆರಾಮಿಲ್ಲೇನು?" ಅಂತ ಕೇಳುವುದೇ ರೂಢಿ. ಓಣಿಯ ಮುದುಕಿಯರು ಅಕ್ಕನನ್ನು ತಡೆದು ತಡೆದು ಇದೇ ಕೇಳಿದ್ದರು. ಒಬ್ಬರಂತೂ "ಉಣ್ಣಾಕ ಹಾಕೂದಿಲ್ಲೇನು?" ಅಂದಿದ್ದರು. ಸಾವ್ಕಾರರಿಗೆ ಹೊರಗೆ ಕಂಡ ಆ ಎಲುಬು ಬದುಕಿನ ಗುರುತು. ಕನ್ನಡಿಯಲ್ಲಿ ಅದನ್ನು ನೋಡಿದಾಗ ಅಣ್ಣನ ಹಾದಿ ತಪ್ಪಿತು ಅಂತ ಸಮಾಧಾನ. ಅದೇ ಎಲುಬಿನ ಮೇಲೆ ಕೈ ಇಟ್ಟರೆ ಅಕ್ಕನಿಗೆ ಅಪ್ಪನ ಹಾಸಿಗೆ. ಇಬ್ಬರೂ ಒಂದೊಂದು ಸಾವಿಗೆ ಹೆದರಿದ್ದರು, ಇಬ್ಬರೂ ಒಬ್ಬರಿಗೊಬ್ಬರು ಹೇಳಿರಲಿಲ್ಲ.

ಇದೊಂದೇ ಕಾರಣ ಅಂತ ಬರೆದರೆ ಕಥೆ ಚಂದ ಆಗುತ್ತದೆ, ಸುಳ್ಳೂ ಆಗುತ್ತದೆ. ಬೇರೆ ಕಾರಣಗಳೂ ಇದ್ದವು. ಅದರಲ್ಲಿ ದೊಡ್ಡದು ಊಟದ್ದು.

ಹಿಂದೆಲ್ಲ ಸಾವ್ಕಾರರು ರಾತ್ರಿ 10ಕ್ಕೆ ಬಂದರೆ ಮಕ್ಕಳು, ಅತ್ತೆ ಮಲಗಿರುತ್ತಿದ್ದರು. ಅಕ್ಕ ಕಾಯುತ್ತಿದ್ದರು. ಅಡುಗೆ ಮನೆಯಲ್ಲಿ ನೆಲದ ಮೇಲೆ ಕೂತು ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಶನಿವಾರ ಬರುವಾಗ ಪೇಪರ್‌ನಲ್ಲಿ ಕಟ್ಟಿಸಿದ ಮಿರ್ಚಿ ಭಜಿ, ಗಿರಮಿಟ್ಟು. ದಿನದ ಸುದ್ದಿ, ಸಾಲದವರ ಸುದ್ದಿ, ಯಾರ ಬ್ಲೌಸು ಬಿಗಿಯಾಯಿತು ಅನ್ನುವ ಸುದ್ದಿ, ಎಲ್ಲಾ ಆಗ. 18 ವರ್ಷ ಹೀಗೇ ನಡೆದಿತ್ತು. ಸಂಜೆ 7ರ ನಿಯಮ ಬಂದ ದಿನದಿಂದ ಅದು ನಿಂತಿತು. ಸಾವ್ಕಾರರು ಅಂಗಡಿಯಲ್ಲೇ ಸೌತೆಕಾಯಿ, ಮೊಳಕೆ ಕಾಳು ತಿಂದು ಬರುತ್ತಿದ್ದರು. ಅಕ್ಕ ಒಬ್ಬರೇ ಉಣ್ಣುವಾಗ ಎದುರಿಗೆ ನಿಂತು ತಾಟು ನೋಡುತ್ತಿದ್ದರು. "ಮತ್ತೊಂದ್ ರೊಟ್ಟಿ ಹಾಕ್ಕೊಂಡಿ?"

ಮೈಯ ಆಸೆ ರಾತ್ರಿ ಕೋಣೆಯಲ್ಲಿ ಹುಟ್ಟುವುದಿಲ್ಲ. ಕೆನಡಾದ ವೈದ್ಯೆ ರೋಸ್‌ಮೇರಿ ಬಾಸನ್ 2000ದಲ್ಲಿ ಬರೆದದ್ದು ಇದನ್ನೇ. ಎಷ್ಟೋ ಹೆಂಗಸರಿಗೆ, ಅದರಲ್ಲೂ ಬಹಳ ವರ್ಷ ಜೊತೆಗಿದ್ದವರಿಗೆ, ಆಸೆ ತಾನಾಗಿ ಎದ್ದು ಬರುವುದಿಲ್ಲ. ಹತ್ತಿರ ಕೂತು, ಮಾತಾಡಿ, ಮುಟ್ಟಿದ ಮೇಲೆ ಹಿಂದಿನಿಂದ ಬರುತ್ತದೆ. ಈ ಮನೆಯಲ್ಲಿ ಆ ಹತ್ತಿರ ಕೂರುವುದು ಆಗುತ್ತಿದ್ದದ್ದು ತಾಟಿನ ಮುಂದೆ. ತಾಟು ಹೋಯಿತು, ಅದರ ಬೆನ್ನಿಗಿದ್ದದ್ದೂ ಹೋಯಿತು.

ಮಾಡಿದ್ದು

ಐದನೇ ಭೇಟಿಯಲ್ಲಿ ಇಬ್ಬರನ್ನೂ ಕೂರಿಸಿದೆ. ಅಕ್ಕ ಅಪ್ಪನ ಮಾತು ಹೇಳಿದರು. ಸಾವ್ಕಾರರು ತಮ್ಮ ಮೂರು ವರ್ಷದ ಮಾತು ಹೇಳಿದರು, ಅರ್ಧಕ್ಕೇ ನಿಲ್ಲಿಸಿದರು. ಅಕ್ಕ ಅರ್ಥ ಮಾಡಿಕೊಂಡು, "ಇಷ್ಟಽ ಏನ್ರಿ? ನಾ ಏನೇನೋ ತಿಳ್ಕೊಂಡಿದ್ದೆ" ಅಂದರು. ಆಮೇಲೆ ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ. ನಾನೂ ಸುಮ್ಮನಿದ್ದೆ.

ಮೊದಲ ಒಪ್ಪಂದ ತಾಟಿನದ್ದು. ಆರು ವಾರ ಒಬ್ಬರ ಮೈ, ತೂಕ, ತಾಟಿನ ಬಗ್ಗೆ ಇನ್ನೊಬ್ಬರು ಮಾತಾಡುವ ಹಾಗಿಲ್ಲ. ಒಳ್ಳೆಯ ಮಾತೂ ಬೇಡ, ಕೆಟ್ಟದ್ದೂ ಬೇಡ. ಸಾವ್ಕಾರರು ನಾಲ್ಕೇ ದಿನಕ್ಕೆ ತಪ್ಪಿದರು, ಒಂದು ಮದುವೆ ಊಟದಲ್ಲಿ. "ಹೋಳಿಗಿ ಎರಡಽ ಸಾಕಲ್ಲ" ಅಂದರಂತೆ, ಹತ್ತು ಜನರ ಮುಂದೆ. ಅಕ್ಕ ಮೂರನೆಯದನ್ನೂ ಹಾಕಿಸಿಕೊಂಡರಂತೆ. ನಾನು ಒಳಗೊಳಗೇ ಖುಷಿಪಟ್ಟೆ, ಮುಖದ ಮೇಲೆ ತೋರಿಸಲಿಲ್ಲ.

ಎರಡನೆಯದು, ಸಾವ್ಕಾರರ ಗುರಿ. ಅವರಿನ್ನೂ ನಿಂತಿರಲಿಲ್ಲ. 65 ಕಿಲೋಗೆ ಬರಬೇಕು ಅನ್ನುವ ಹಠ. ನಮ್ಮ ದೇಶದವರಿಗೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 23 ದಾಟಿದರೆ ಜಾಸ್ತಿ ತೂಕ ಅಂತ ಎಲ್ಲೋ ಓದಿ, ತಮ್ಮ ಎತ್ತರಕ್ಕೆ ಲೆಕ್ಕ ಹಾಕಿ 65 ಅಂತ ತೆಗೆದಿದ್ದರು. ಲೆಕ್ಕ ಸರಿಯೇ ಇತ್ತು. ಆದರೆ ಡಾಕ್ಟರ್ ಹತ್ತಿರ ಇಬ್ಬರೂ ಹೋಗಿ ಕೇಳಿದಾಗ, ಇನ್ನು ಇಳಿಸುವುದು ಬೇಡ, ಸ್ನಾಯು ಹೋಗುತ್ತಿದೆ, ಭಾರ ಎತ್ತುವ ವ್ಯಾಯಾಮ ಮಾಡಿ, ಕಾಳು-ಮೊಸರು ಜಾಸ್ತಿ ತಿನ್ನಿ, ಎರಡು-ಮೂರು ಕಿಲೋ ಬಂದರೂ ಅಡ್ಡಿಯಿಲ್ಲ ಅಂದರು. ಈ ಮಾತನ್ನು ಅಕ್ಕ ಖುದ್ದಾಗಿ ಕೇಳಿದ್ದು ಮುಖ್ಯವಾಯಿತು. ಗಂಡನ ಡೈರಿಯ ಒಂದು ಅಂಕಿಯೂ ಅಲ್ಲಿಯವರೆಗೆ ಆಕೆಗೆ ಗೊತ್ತಿರಲಿಲ್ಲ. 10.2 ಅಂದರೆ ಏನು, 5.9 ಅಂದರೆ ಏನು ಅಂತ ಡಾಕ್ಟರ್ ಬಿಡಿಸಿ ಹೇಳಿದ ದಿನ, ಗಂಡ ಸೊರಗುತ್ತಿಲ್ಲ, ಗುಣವಾಗುತ್ತಿದ್ದಾರೆ ಅನ್ನುವುದು ತಲೆಗೆ ಹೋಯಿತು. ಕೈಗೆ ಹೋಗಲಿಕ್ಕೆ ಇನ್ನೂ ದಿನ ಬೇಕಾಯಿತು.

ಗಡಸುತನಕ್ಕೂ ಅದೇ ಡಾಕ್ಟರ್ ಹತ್ತಿರ ಮಾತಾಡಿಸಿದೆ. ಸಾವ್ಕಾರರು ಅದಕ್ಕಿಂತ ಮೊದಲು ಒಮ್ಮೆ ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಮಾತ್ರೆ ಕೊಂಡು ತಿಂದಿದ್ದು ಆಗ ಗೊತ್ತಾಯಿತು. ಎದೆನೋವಿಗೆ ಕೊಡುವ ನೈಟ್ರೇಟ್ ಮಾತ್ರೆ ತಗೊಳ್ಳುವವರು ಅದನ್ನು ತಿಂದರೆ ರಕ್ತದೊತ್ತಡ ಒಮ್ಮೆಲೇ ಕುಸಿದು ಜೀವಕ್ಕೇ ಕುತ್ತು ಬರಬಹುದು. ಇವರಿಗೆ ಆ ಮಾತ್ರೆ ಇರಲಿಲ್ಲ, ಬಚಾವ್.

ಮೂರನೆಯದು ಮುಟ್ಟುವುದು. 1960ರ ದಶಕದಲ್ಲಿ ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ ರೂಪಿಸಿದ ಒಂದು ಪದ್ಧತಿ ಇದೆ. ಸಂಭೋಗ ಬೇಡ ಅಂತ ಮೊದಲೇ ಮಾತಾಗಿಬಿಡುತ್ತದೆ, ಬರೀ ಮುಟ್ಟುವುದು, ಅದೂ ಸರದಿಯ ಮೇಲೆ. ಏನೋ ಆಗಲೇಬೇಕು ಅನ್ನುವ ಒತ್ತಡ ಇಲ್ಲದಿದ್ದರೆ ಕೈಗೆ ಧೈರ್ಯ ಬರುತ್ತದೆ. ಇದನ್ನು ಪುಸ್ತಕದಲ್ಲಿದ್ದ ಹಾಗೆ ಹೇಳಿದರೆ ನಮ್ಮವರು ಮುಂದಿನ ಸಲ ಬರುವುದೇ ಇಲ್ಲ. ಎಣ್ಣೆ-ನೀರು ಹಾಕುವ ರೂಢಿ ಇತ್ತಾ ಅಂತ ಕೇಳಿದೆ. ಇತ್ತು. ರವಿವಾರ ಅಕ್ಕ ಗಂಡನ ತಲೆಗೆ, ಬೆನ್ನಿಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕುತ್ತಿದ್ದರು. ರವಿವಾರದ ಬೆಟ್ಟ ಹತ್ತೋದು ಶುರುವಾದ ಮೇಲೆ ಅದೂ ನಿಂತಿತ್ತು. ಅದನ್ನೇ ಮತ್ತೆ ಶುರುಮಾಡಿ ಅಂದೆ. ಮೊದಲೆರಡು ವಾರ ತಲೆ ಮಾತ್ರ. ಆಮೇಲೆ ಬೆನ್ನು, ಭುಜ. ಕೊರಳ ಎಲುಬಿನ ಹತ್ತಿರ ಯಾವಾಗ ಬರಬೇಕು ಅನ್ನುವುದನ್ನು ಅಕ್ಕನಿಗೇ ಬಿಟ್ಟೆ. ಆಮೇಲೆ ಸಾವ್ಕಾರರ ಸರದಿ, ಅವರು ಅಕ್ಕನ ಪಾದಕ್ಕೆ ಎಣ್ಣೆ ತಿಕ್ಕಬೇಕು. ದಿನವಿಡೀ ಮಷೀನ್ ತುಳಿದ ಪಾದ ಅದು. ಇದಕ್ಕೆ ಮಾತ್ರ ಅಕ್ಕ ಸುತರಾಂ ಒಪ್ಪಲಿಲ್ಲ, ಗಂಡ ಕಾಲು ಮುಟ್ಟಬಾರದು ಅಂತ. ಕೈಗೆ ಇಳಿಸಿಕೊಂಡೆವು.

ತಾಟಿನ ವಿಷಯಕ್ಕೆ ಪರಿಹಾರ ಕಂಡುಹಿಡಿದವರು ಅವರೇ. ಶನಿವಾರ ಒಂದು ದಿನ ಸಾವ್ಕಾರರು 7ಕ್ಕೆ ಅಂಗಡಿ ಬಿಟ್ಟು ಮನೆಗೆ ಬರುವುದು, ಮೊದಲಿನಂತೆ ಒಟ್ಟಿಗೆ ನೆಲದ ಮೇಲೆ ಕೂತು ಉಣ್ಣುವುದು. ಒಂದೂವರೆ ರೊಟ್ಟಿ, ಎಣ್ಣೆಗಾಯಿ. ಮಿರ್ಚಿ ಭಜಿ ಒಂದೇ, ಇಬ್ಬರಿಗೂ ಅರ್ಧರ್ಧ.

ಆದದ್ದು, ಆಗದ್ದು

ಐದು ತಿಂಗಳಲ್ಲಿ ಒಂಬತ್ತು ಭೇಟಿ ಆದವು. ಹಿಮೋಗ್ಲೋಬಿನ್ 11.6ಕ್ಕೆ ಬಂದಿತ್ತು. ಸಾವ್ಕಾರರ ತೂಕ 74ರ ಆಸುಪಾಸು. ಅದಕ್ಕೆ ಅವರಿಗೆ ಇನ್ನೂ ಅಳುಕು, ಒಂದು ಕಿಲೋ ಏರಿದ ದಿನ ಊಟ ಬಿಡುತ್ತಾರೆ. ಈ ಹೆದರಿಕೆಗೆ ಬೇರೆಯಾಗಿಯೇ ಕೆಲಸ ಮಾಡಬೇಕಿದೆ. ಅಣ್ಣನ ಸಾವಿನ ದುಃಖವನ್ನು ಅವರು ಸರಿಯಾಗಿ ಅತ್ತಿಲ್ಲ ಅಂತ ನನ್ನ ಅನಿಸಿಕೆ. ಅವರು ಒಪ್ಪಲಿಲ್ಲ. ಅಕ್ಕನ ತೂಕ 68ರಲ್ಲೇ ಇದೆ, ಆ ಮಾತು ಈಗ ಮನೆಯಲ್ಲಿ ಏಳುವುದಿಲ್ಲ.

ಹಾಸಿಗೆ ಏಳನೇ ಭೇಟಿಯ ಹೊತ್ತಿಗೆ ವಾಪಸ್ ಬಂತು. ದೇಹ ಸಂಬಂಧವೂ ಮತ್ತೆ ಶುರುವಾಗಿದೆ, ಅಪರೂಪಕ್ಕೆ. ಹೇಗಿದೆ ಅಂತ ಕೇಳಿದಾಗ ಅಕ್ಕ, "ಮೊದಲಿನಂಗ ಅಲ್ರಿ. ಬ್ಯಾರೆ ಥರ. ಲೈಟ್ ತೆಗೀರಿ ಅಂತೀನಿ" ಅಂದು ನಕ್ಕರು. ಬದಲಾದ ಮುಖ ಆಕೆಗೆ ಈಗಲೂ ಪೂರ್ತಿ ಸೇರುವುದಿಲ್ಲ. ಅದನ್ನು ಗಂಡನ ಎದುರಿಗೇ ಹೇಳಿದರು. ಒಂದು ಬೇಡಿಕೆಯನ್ನೂ ಇಟ್ಟರು: ಮೀಸೆ ದೊಡ್ಡದು ಬಿಡಬೇಕು. ತೆಳ್ಳಗಾದ ಮೇಲೆ ವಯಸ್ಸು ಕಮ್ಮಿ ಕಾಣಲಿ ಅಂತ ಸಾವ್ಕಾರರು ಅದನ್ನು ಕತ್ತರಿಸಿದ್ದರು. ಈಗ ಬಿಟ್ಟಿದ್ದಾರೆ. ಅಲ್ಲಲ್ಲಿ ಬೆಳ್ಳಗಾಗಿದೆ, ಅದಕ್ಕೆ ಬಣ್ಣ ಹಚ್ಚಬೇಕಾ ಬೇಡವಾ ಅನ್ನುವುದರ ಮೇಲೆ ಇಬ್ಬರಿಗೂ ಹೊಸ ಜಗಳ.

ಕೊನೆಯ ಭೇಟಿಗೆ ಸಾವ್ಕಾರರು ಹೊಸ ಅಂಗಿ ತೊಟ್ಟು ಬಂದಿದ್ದರು, ತಿಳಿನೀಲಿ, ಸಣ್ಣ ಗೆರೆ. ದುರ್ಗದಬೈಲ್ ಟೇಲರ್‌ನ ಕೈಗೆ ಹೋಗಿದ್ದ ಆ ಐದನ್ನು ಅಕ್ಕ ಹಮಾಲರಿಗೆ ಕೊಟ್ಟುಬಿಟ್ಟರಂತೆ. ಅಳತೆ ತಗೊಳ್ಳುವಾಗ ಏನಾಯಿತು ಅಂತ ಅಕ್ಕನೇ ಹೇಳಿದರು. ಹೊಟ್ಟೆಗೆ ಟೇಪ್ ಸುತ್ತಿದಾಗ ಸಾವ್ಕಾರರು ಹಳೇ ರೂಢಿಯ ಪ್ರಕಾರ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆ ಎಳೆದುಕೊಂಡರಂತೆ, ಎಳೆಯಲಿಕ್ಕೆ ಅಲ್ಲಿ ಏನೂ ಇಲ್ಲದಿದ್ದರೂ.

"ಉಸಿರು ಬಿಡ್ರಿ ಅಂದೆ. ಬಿಟ್ಟ ಮ್ಯಾಲೆ ಅಳತಿ ತಗೊಂಡೆ. ಕೊರಳಿಗೆ ಮಾತ್ರ ಅರ್ಧ ಇಂಚು ಜಾಸ್ತಿ ಇಟ್ಟೀನ್ರಿ ಮೇಡಂ."